ಹುಡುಕಾಟದಲ್ಲಿ ಪುಟಗಳು ಬರುತ್ತಿದ್ದರೂ ಓದುಗರು ಬರುತ್ತಿಲ್ಲ: ಬರಹವನ್ನು ಎಲ್ಲಿ ತಿದ್ದಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸೈಕಲ್ ದುರಸ್ತಿಯ ಬಗ್ಗೆ ಕನ್ನಡದಲ್ಲಿ ಒಂದು ಜಾಲತಾಣ ನಡೆಸುತ್ತಿದ್ದೇನೆ. ಹುಡುಕಾಟದಲ್ಲಿ ತಾಣ ಹೇಗೆ ಕಾಣಿಸುತ್ತಿದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಇಂಪ್ರೆಶನ್‌ಗಳು (ಪುಟ ಫಲಿತಾಂಶಗಳಲ್ಲಿ ಬಂದ ಸಲಗಳು) ಏರುತ್ತಲೇ ಇದ್ದರೂ ಕ್ಲಿಕ್‌ಗಳು ಬೆರಳೆಣಿಕೆಯಷ್ಟೇ. ಚೈನ್ ಕಳಚಿಕೊಳ್ಳುವ ತೊಂದರೆಯೊಂದಕ್ಕೇ ‘ಸೈಕಲ್ ಚೈನ್ ದುರಸ್ತಿ’, ‘ಸೈಕಲ್ ಚೈನ್ ಸಮಸ್ಯೆಗಳು’, ‘ಸೈಕಲ್ ಚೈನ್ ಸರಿಪಡಿಸುವುದು ಹೇಗೆ’ ಎಂಬ ಮೂರು ಲೇಖನಗಳಿವೆ. ಕೀವರ್ಡ್ (ಜನರು ಹುಡುಕುವ ಪದ) ಪ್ರತಿ ಶೀರ್ಷಿಕೆ, ಉಪಶೀರ್ಷಿಕೆ ಮತ್ತು ಮೊದಲ ಪ್ಯಾರಾದಲ್ಲಿ ತಪ್ಪದೆ ಬರುವಂತೆ ಬರೆದಿದ್ದೇನೆ. ಓದುಗರಿಗೆ ಕಾಣದಂತೆ ಪುಟದ ಕೋಡ್‌ನಲ್ಲಿ ಕೀವರ್ಡ್‌ಗಳನ್ನು ಪಟ್ಟಿಮಾಡುವ ಮೆಟಾ ಕೀವರ್ಡ್ಸ್ ಟ್ಯಾಗ್ ಕೂಡ ತುಂಬಿದ್ದೇನೆ. ಬಂದ ಕೆಲವರೂ ಕ್ಷಣದಲ್ಲಿ ಹೊರಟುಹೋಗುತ್ತಾರೆ. ಶೀರ್ಷಿಕೆಗಳನ್ನು ಬದಲಾಯಿಸಬೇಕೇ, ಲೇಖನಗಳನ್ನು ಉದ್ದಗೊಳಿಸಬೇಕೇ?

ಉತ್ತರ

ಏನನ್ನೂ ತಿದ್ದುವ ಮೊದಲು ಸರ್ಚ್ ಕನ್ಸೋಲ್‌ನ ವರದಿಯಲ್ಲಿ ಸರಾಸರಿ ಸ್ಥಾನದ (ಫಲಿತಾಂಶಗಳಲ್ಲಿ ಪುಟ ಸಾಮಾನ್ಯವಾಗಿ ಎಷ್ಟನೆಯದು ಎಂಬುದರ) ಅಂಕಣವನ್ನು ಆನ್ ಮಾಡಿ, ಒಂದೊಂದೇ ಪುಟವನ್ನು ಆಯ್ದುಕೊಂಡು, ಜನರು ಏನೆಂದು ಟೈಪ್ ಮಾಡಿದಾಗ ಆ ಪುಟ ಬಂದಿದೆ ಎಂಬುದನ್ನು ನೋಡಿ. ಇಂಪ್ರೆಶನ್ ಎಂದರೆ ನಿಮ್ಮ ಕೊಂಡಿ ಫಲಿತಾಂಶಗಳ ನಡುವೆ ಇತ್ತು ಎಂದಷ್ಟೇ ಅರ್ಥ, ಹುಡುಕಿದವರು ಅದನ್ನು ಕಂಡರು ಎಂದಲ್ಲ. ಸ್ಥಾನ 4 ಅಥವಾ 5ರಲ್ಲಿದ್ದೂ ಕ್ಲಿಕ್ ಬರದಿದ್ದರೆ ಶೀರ್ಷಿಕೆಯನ್ನು ಅನುಮಾನಿಸಬೇಕು. 40ರ ಆಸುಪಾಸಿನಲ್ಲಿದ್ದರೆ ಶೀರ್ಷಿಕೆಯನ್ನು ಎಷ್ಟು ಚೆಂದ ಮಾಡಿದರೂ ಓದುವವರೇ ಅಲ್ಲಿಲ್ಲ, ಆದ್ದರಿಂದ ಲೇಖನವನ್ನೇ ನೋಡಬೇಕು.

ಮೆಟಾ ಕೀವರ್ಡ್ಸ್ ಟ್ಯಾಗನ್ನು ಮರೆತುಬಿಡಿ. ಪುಟಗಳ ಕ್ರಮಾಂಕಕ್ಕೆ ಅದನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ತಿಳಿಸಿದೆ.

ಪ್ರಶ್ನಿಸಿದವರು

ನೋಡಿದೆ. ‘ಗೇರ್ ಸೈಕಲ್ ಚೈನ್ ಪದೇ ಪದೇ ಬೀಳುತ್ತಿದೆ’ ಎಂಬಂಥ ಹುಡುಕಾಟಗಳಿಗೆ ಮೂರೂ ಪುಟಗಳು ಸರದಿಯಂತೆ ಬಂದುಹೋಗುತ್ತಿವೆ, ಯಾವುದೂ ಮೊದಲ ಹತ್ತರೊಳಗಿಲ್ಲ. ಮೊದಲನೆಯ ಲೇಖನದ ಆರಂಭ ಹೀಗಿದೆ: ‘ಸೈಕಲ್ ಚೈನ್ ದುರಸ್ತಿ ಬಹಳ ಮುಖ್ಯ. ಸೈಕಲ್ ಚೈನ್ ದುರಸ್ತಿ ಮಾಡುವ ಮೊದಲು ಸೈಕಲ್ ಚೈನ್ ದುರಸ್ತಿ ಏಕೆ ಬೇಕು ಎಂದು ತಿಳಿಯೋಣ.’ ಆ ಬಳಿಕ ಸೈಕಲ್‌ನ ಇತಿಹಾಸದ ಕುರಿತು ಎರಡು ಪ್ಯಾರಾಗಳಿವೆ.

ಉತ್ತರ

ಈಗ ದೋಷ ಸ್ಪಷ್ಟವಾಯಿತು. ಹುಡುಕಿದವರು ಹೇಳುತ್ತಿರುವುದು ತಮ್ಮ ಸೈಕಲ್‌ಗೆ ಏನಾಗುತ್ತಿದೆ ಎಂಬುದನ್ನು. ನಿಮ್ಮ ಲೇಖನ ಹೇಳುತ್ತಿರುವುದು ದುರಸ್ತಿಯ ಮಹತ್ವವನ್ನು. ಕೈಗೆ ಎಣ್ಣೆ ಮೆತ್ತಿಕೊಂಡು ಫೋನ್ ಹಿಡಿದಿರುವವರಿಗೆ ದುರಸ್ತಿ ಮುಖ್ಯವೆಂದು ಯಾರೂ ಹೇಳಿಕೊಡಬೇಕಾಗಿಲ್ಲ, ಸೈಕಲ್‌ನ ಇತಿಹಾಸವಂತೂ ಬೇಡವೇ ಬೇಡ. ಉಲ್ಲೇಖಿಸಿದ ಆ ಎರಡು ವಾಕ್ಯಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ವಿಭಕ್ತಿ ಪ್ರತ್ಯಯಗಳ ಮೇಲೆ ನಡೆಯುವ ನಮ್ಮ ಭಾಷೆಯಲ್ಲಿ ಒಂದು ಪದಗುಚ್ಛವನ್ನು ರೂಪ ಬದಲಿಸದೆ ಮೂರು ಕಡೆ ಕೂರಿಸಿದರೆ ವಾಕ್ಯ ಸೆಟೆದುಕೊಳ್ಳುತ್ತದೆ. ಹೀಗೆ ಕೀವರ್ಡ್ ತುರುಕುವುದು ಗೂಗಲ್‌ನ ಸ್ಪ್ಯಾಮ್ ನೀತಿಗೂ ವಿರುದ್ಧ. ‘ಚೈನನ್ನು’, ‘ಚೈನಿನ’, ‘ಕಳಚಿದರೆ’, ‘ಬಿದ್ದುಹೋಗುತ್ತದೆ’ ಎಂದು ಸಹಜವಾಗಿ ಬರೆಯಿರಿ. ವರದಿಯಲ್ಲಿ ಕಂಡ ಜನರ ಮಾತನ್ನು ಶೀರ್ಷಿಕೆಯಲ್ಲಿ ಒಮ್ಮೆ ಬಳಸಿದರೆ ಸಾಕು: ‘ಗೇರ್ ಸೈಕಲ್‌ನ ಚೈನ್ ಪದೇ ಪದೇ ಬೀಳುತ್ತಿದ್ದರೆ ಏನು ಮಾಡಬೇಕು?’

ಮೊದಲ ಪ್ಯಾರಾದಲ್ಲಿಯೇ ಉತ್ತರ ಕೊಡಿ. ಉದಾಹರಣೆಗೆ, ಚೈನ್ ಹಿಂಬದಿಯ ಅತಿ ದೊಡ್ಡ ಹಲ್ಲುಚಕ್ರವನ್ನು ದಾಟಿ ಕಡ್ಡಿಗಳ ಕಡೆಗೆ ಬೀಳುತ್ತಿದ್ದರೆ ಡಿರೇಲರ್‌ನ (ಗೇರ್ ಬದಲಿಸುವಾಗ ಚೈನನ್ನು ಸರಿಸುವ ಭಾಗ) ‘ಎಲ್’ ಗುರುತಿನ ಮಿತಿ ಸ್ಕ್ರೂವನ್ನು ಸರಿಹೊಂದಿಸಬೇಕು, ಆದರೆ ಡಿರೇಲರ್ ತೂಗುವ ಹ್ಯಾಂಗರ್ ಬಾಗಿದ್ದರೆ ಸ್ಕ್ರೂ ತಿರುಗಿಸಿ ಫಲವಿಲ್ಲ ಎಂದು ಆರಂಭದಲ್ಲಿಯೇ ಹೇಳಿಬಿಡಿ. ಬಾಗಿದ್ದನ್ನು ಗುರುತಿಸುವುದು ಹೇಗೆ, ಯಾವ ಹಂತದಲ್ಲಿ ಕೈಬಿಟ್ಟು ಮೆಕ್ಯಾನಿಕ್‌ನ ಬಳಿ ಹೋಗಬೇಕು ಎಂಬ ವಿವರಗಳೂ, ನೀವೇ ತೆಗೆದ ಫೋಟೋಗಳೂ ಅದರ ಕೆಳಗೆ ಬರಲಿ. ನಿಮ್ಮ ಲೇಖನವನ್ನು ನಕಲು ಬರಹಗಳಿಂದ ಬೇರ್ಪಡಿಸುವುದು ಈ ಭಾಗವೇ. ಸಮಯವಿದ್ದರೆ ಅದನ್ನೆಲ್ಲ ಇಲ್ಲಿಯೇ ಕಳೆಯಿರಿ ಎನ್ನುತ್ತೇನೆ. ಉತ್ತರವನ್ನು ಮೇಲೆಯೇ ಕೊಟ್ಟರೆ ಯಾರೂ ಕೆಳಗೆ ಓದುವುದಿಲ್ಲ ಎಂಬ ಭಯ ಹಲವರಿಗಿದೆ, ಆದರೆ ಕಾರಣ ತಿಳಿದವರಿಗೆ ಅದನ್ನು ಸರಿಪಡಿಸುವ ವಿಧಾನವೂ ಬೇಕೇ ಬೇಕಲ್ಲವೇ?

ಗೇರ್ ಇಲ್ಲದ ಸೈಕಲ್‌ನಲ್ಲಿ ಚೈನ್ ಸಡಿಲವಾಗಿ ಬೀಳುವುದು ಬೇರೆಯೇ ತೊಂದರೆ. ಅಲ್ಲಿ ಹಿಂದಿನ ಚಕ್ರದ ನಟ್ಟುಗಳನ್ನು ಸಡಿಲಿಸಿ ಚಕ್ರವನ್ನು ಹಿಂದಕ್ಕೆ ಎಳೆದು ಬಿಗಿಮಾಡಬೇಕಾಗುತ್ತದೆ. ಅದಕ್ಕೆ ಇನ್ನೊಂದು ಪುಟವಿರಲಿ. ಉತ್ತರ ಬೇರೆಯಾದಾಗ ಮಾತ್ರ ಪುಟವೂ ಬೇರೆಯಾಗಬೇಕು. ನಿಮ್ಮ ಮೂರು ಲೇಖನಗಳಲ್ಲಿ ಬೇರೆಯಾಗಿರುವುದು ಶೀರ್ಷಿಕೆ ಮಾತ್ರ.

ಉದ್ದದ ವಿಷಯದಲ್ಲಿ ಚಿಂತೆ ಬೇಡ. ಇಷ್ಟೇ ಪದಗಳಿರಬೇಕೆಂಬ ನಿಯಮ ತಮ್ಮಲ್ಲಿಲ್ಲವೆಂದು ಗೂಗಲ್‌ನ ಮಾರ್ಗದರ್ಶಿಯೇ ಹೇಳುತ್ತದೆ.

ಪ್ರಶ್ನಿಸಿದವರು

ಹಾಗಾದರೆ ಉಳಿದೆರಡು ಪುಟಗಳನ್ನು ಅಳಿಸಿಬಿಡಲೇ? ಪುಟದ ಸಾರಾಂಶವಾಗಿ ಕೋಡ್‌ನಲ್ಲಿ ಕೊಡುವ ಮೆಟಾ ವಿವರಣೆಯನ್ನೂ ಹೊಸದಾಗಿ ಬರೆಯಬೇಕೇ?

ಇನ್ನೊಬ್ಬರ ಉತ್ತರ

ಸುಮ್ಮನೆ ಅಳಿಸಬೇಡಿ, ಹೊರಗಿನ ತಾಣಗಳಿಂದ ಅವಕ್ಕೆ ಕೊಂಡಿಗಳಿದ್ದರೆ ಆ ದಾರಿಯಲ್ಲಿ ಬಂದವರು ‘ಪುಟ ಸಿಗಲಿಲ್ಲ’ ಎನ್ನುವ 404 ಪುಟದ ಮುಂದೆ ನಿಲ್ಲುತ್ತಾರೆ. ಮೂರರಲ್ಲಿ ಹೆಚ್ಚು ಕ್ಲಿಕ್ ಪಡೆದ ವಿಳಾಸವನ್ನು ಉಳಿಸಿಕೊಂಡು, ಮಿಕ್ಕವುಗಳಲ್ಲಿ ಉಪಯುಕ್ತವಾದ ಭಾಗವನ್ನು ಅದರೊಳಗೆ ಸೇರಿಸಿ, ಹಳೆಯ ವಿಳಾಸಗಳಿಂದ ಅದಕ್ಕೆ 301 ರೀಡೈರೆಕ್ಟ್ (ಬಂದವರನ್ನು ತಾನಾಗಿಯೇ ಹೊಸ ವಿಳಾಸಕ್ಕೆ ಕಳಿಸುವ ಶಾಶ್ವತ ವ್ಯವಸ್ಥೆ) ಕೊಡಿ. ಎಲ್ಲವನ್ನೂ ಮುಖಪುಟಕ್ಕೆ ಕಳಿಸುವ ಅಭ್ಯಾಸ ಕೆಲವರಿಗಿದೆ. ಚೈನಿನ ಬಗ್ಗೆ ಓದಲು ಬಂದವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ತಾಣದೊಳಗಿನ ಕೊಂಡಿಗಳನ್ನೂ ಹೊಸ ವಿಳಾಸಕ್ಕೆ ತಿದ್ದಿ, ಸೈಟ್‌ಮ್ಯಾಪ್‌ನಿಂದ (ಸರ್ಚ್ ಎಂಜಿನ್‌ಗಳಿಗೆ ಕೊಡುವ ಪುಟಗಳ ಪಟ್ಟಿ) ಹಳೆಯ ವಿಳಾಸಗಳನ್ನು ತೆಗೆಯಿರಿ.

ಮೆಟಾ ವಿವರಣೆಯಿಂದ ಸ್ಥಾನ ಮೇಲೇರುವುದಿಲ್ಲ. ಫಲಿತಾಂಶದ ಕೆಳಗಿನ ಸಾಲುಗಳಾಗಿ ಅದು ಕಾಣಿಸಬಹುದು, ಗೂಗಲ್ ಅದನ್ನು ಬಿಟ್ಟು ಲೇಖನದಿಂದಲೇ ಸಾಲು ಎತ್ತಿಕೊಳ್ಳಲೂಬಹುದು. ಪುಟದಲ್ಲಿ ಏನಿದೆ ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಬರೆದರೆ ಸಾಕು.

ಬದಲಾವಣೆಯ ನಂತರ ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಪುಟದ ವಿಳಾಸ ಕೊಟ್ಟು, ಗೂಗಲ್ ಅದನ್ನು ಮತ್ತೆ ಓದಲಿ ಎಂದು ಒಮ್ಮೆ ಕೋರಿ. ಅದಕ್ಕೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಹಿಡಿಯಬಹುದು, ಅದೇ ವಿಳಾಸವನ್ನು ಮತ್ತೆ ಮತ್ತೆ ಕೊಟ್ಟರೆ ಕೆಲಸ ಬೇಗ ಆಗುವುದಿಲ್ಲ. ಆ ಅವಧಿಯಲ್ಲಿ ಶೀರ್ಷಿಕೆಯನ್ನು ಮತ್ತೆ ಬದಲಾಯಿಸಬೇಡಿ, ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ರೀಡೈರೆಕ್ಟ್‌ಗಳನ್ನು ಕನಿಷ್ಠ 1 ವರ್ಷ ಉಳಿಸಿಕೊಳ್ಳಿ.