ಇಬ್ಬರೇ ಶಿಕ್ಷಕರಿರುವ ಶಾಲೆ, ಮುಖ್ಯ ಶಿಕ್ಷಕರ ಪ್ರಭಾರವೂ ನನ್ನದೇ. ಪಾಠಕ್ಕೆ ಹೊತ್ತು ಹೇಗೆ ಉಳಿಸ್ತೀರಿ?

ಕೇಳಿದವರು, ತುಮಕೂರು ಜಿಲ್ಲೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಒಂದರಿಂದ ಐದರವರೆಗಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಹಿರಿಯ ಮೇಷ್ಟ್ರು ನಿವೃತ್ತರಾದ ಮೇಲೆ ಪ್ರಭಾರ ನನಗೆ ಬಂತು. ಜೊತೆಗೆ ಒಬ್ಬರು ಅತಿಥಿ ಶಿಕ್ಷಕಿ ಇದ್ದಾರೆ. ನಲಿಕಲಿ, ಅಂದರೆ ಒಂದರಿಂದ ಮೂರರ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ಕಲಿಯುವ ತರಗತಿ, ನನ್ನದು, ನಾಲ್ಕು-ಐದು ಅವರದು. ಬೆಳಿಗ್ಗೆ ಬೀಗ ತೆಗೆದಾಗಿನಿಂದ ಹಾಲಿನ ಪುಡಿ, ಮೊಟ್ಟೆ ಲೆಕ್ಕ, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಆನ್‌ಲೈನ್ ಎಂಟ್ರಿ, ಗ್ರೂಪಿನಲ್ಲಿ 'ತುರ್ತು, ಇಂದೇ ಕಳುಹಿಸಿ' ಅಂತ ಬರುವ ನಮೂನೆಗಳು. ಮಕ್ಕಳ ಹತ್ತಿರ ಕೂರುವಷ್ಟರಲ್ಲಿ ಊಟದ ಬೆಲ್ ಆಗಿರುತ್ತದೆ. ಐದನೇ ತರಗತಿಗೆ ಬಂದರೂ ಒತ್ತಕ್ಷರ ಕಂಡರೆ ನಿಂತುಬಿಡುವ ಮಕ್ಕಳಿದ್ದಾರೆ. ಇಂಥ ಶಾಲೆ ನಡೆಸಿದವರು ಏನು ಮಾಡಿದಿರಿ, ಹೇಳಿ. ಸಮಯ ಪಾಲನೆ ಮುಖ್ಯ ಅಂತ ಮಾತ್ರ ಹೇಳಬೇಡಿ, ಅದನ್ನು ತರಬೇತಿಯಲ್ಲೇ ಸಾಕಷ್ಟು ಕೇಳಿದ್ದೇನೆ.

ಹಾಸನ ಕಡೆಯ ಟೀಚರ್:
ಮೇಡಂ, ಮೊದಲು ಬೆಳಗಿನ ಎರಡು ಅವಧಿ ಫೋನನ್ನು ಬೀರುವಿಗೆ ಹಾಕಿ. ಹತ್ತೂವರೆಗೆ ಕೇಳಿದ ಮಾಹಿತಿಯನ್ನು ಊಟದ ಹೊತ್ತಿಗೆ ಕೊಟ್ಟೆ ಅಂತ ನನಗೆ ಯಾರೂ ನೋಟಿಸ್ ಕೊಟ್ಟಿಲ್ಲ. ಅವರು ಕೇಳುವುದರಲ್ಲಿ ಜಾಸ್ತಿ ಪಾಲು ಸ್ಯಾಟ್ಸ್‌ನಲ್ಲೋ ಶಾಲೆಯ ವಿವರ ಇರುವ ಯು-ಡೈಸ್‌ನಲ್ಲೋ ಆಗಲೇ ಇರುವುದೇ. ತರಗತಿವಾರು ಗಂಡು ಹೆಣ್ಣು, ವರ್ಗವಾರು ಸಂಖ್ಯೆ, ಕೊಠಡಿ, ಶೌಚಾಲಯ, ನೀರು, ಡೈಸ್ ಕೋಡ್, ಬ್ಯಾಂಕ್ ಖಾತೆ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಬೀರುವಿನ ಒಳಬಾಗಿಲಿಗೆ ಅಂಟಿಸಿ. ನಮೂನೆ ಬಂದರೆ ಅದನ್ನು ನೋಡಿ ಐದು ನಿಮಿಷದಲ್ಲಿ ತುಂಬಿ ಕಳಿಸುತ್ತೇನೆ.

ಇನ್ನು ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು ಅದು. ಒಬ್ಬರೇ ಹಲವು ತರಗತಿ ನೋಡಬೇಕಾದ ಶಾಲೆಗೆ ಹೊಂದುವ ಪದ್ಧತಿಯೇ. ಮಕ್ಕಳು ಗುಂಪಾಗಿ ಕೂರುವ ಐದು ತಟ್ಟೆಗಳಲ್ಲಿ ಶಿಕ್ಷಕರ ಪೂರ್ಣ ಸಹಾಯ ಬೇಕಿರುವುದು ಒಂದಕ್ಕೆ ಮಾತ್ರ. ಆದರೆ ನಾವು ಐದಕ್ಕೂ ಓಡಾಡುತ್ತೇವೆ, ಒಂದು ಕಡೆ ಕೂತರೆ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ, ಆಮೇಲೆ ಸುಸ್ತು. ಮೊದಲ ತಟ್ಟೆಯ ಹತ್ತಿರ ಕೂತುಬಿಡಿ. ಕಾರ್ಡು ಹುಡುಕುವ ಕೆಲಸ ಮೂರನೇ ತರಗತಿಯ ಇಬ್ಬರಿಗೆ ಬಿಡಿ, ಕಾರ್ಡಿನ ಮೇಲಿನ ಗುರುತಿನ ಚಿತ್ರ (ಲೋಗೋ) ನೋಡಿ ನಮಗಿಂತ ಬೇಗ ತೆಗೆಯುತ್ತಾರೆ.

ಪೋಷಕರ ಒಂದು ದೂರು ಬಂದೇ ಬರುತ್ತದೆ, ತಯಾರಾಗಿರಿ. 'ನಿಮ್ಮ ಸ್ಕೂಲಲ್ಲಿ ಅ ಆ ಇ ಈನೂ ಹೇಳ್ಕೊಡಲ್ವಾ?' ನಾವು ಶುರು ಮಾಡುವುದು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಕೆಲವೇ ದಿನದಲ್ಲಿ ಮಗು 'ಅರಸ', 'ಗರಗಸ' ಅಂತ ಪೂರ್ತಿ ಪದವನ್ನೇ ಓದುತ್ತದೆ. ಅದನ್ನು ಬಾಯಲ್ಲಿ ವಿವರಿಸಬೇಡಿ. ತಾಯಿ ಕರೆಯಲು ಬಂದಾಗ ಅವರ ಎದುರಿಗೇ ಮಗುವಿನಿಂದ ನಾಲ್ಕು ಪದ ಓದಿಸಿ.

ಕಲಬುರಗಿ ಕಡೆಯ ಮೇಷ್ಟ್ರು:
ಫೋನ್ ಬೀರುವಿಗೆ ಹಾಕುವುದು ಎಲ್ಲ ಕಡೆ ನಡೆಯಲ್ಲ ಟೀಚರ್. ನಾನು ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಕೂಡ. ತಹಶೀಲ್ದಾರ್ ಆಫೀಸಿನ ಫೋನು ಅವಧಿ ನೋಡಿ ಬರುವುದಿಲ್ಲ. ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ನಮ್ಮನ್ನು ಹಾಕುವಂತಿಲ್ಲ. ಓದಲಿಕ್ಕೆ ಚೆನ್ನಾಗಿದೆ. 2025ರ ಸೆಪ್ಟೆಂಬರ್ 22ಕ್ಕೆ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತು, ಮನೆ ಮನೆ ಸುತ್ತಿದವರು ನಾವೇ, ದಸರಾ ರಜೆ ಅಕ್ಟೋಬರ್ 18ರವರೆಗೆ ಎಳೆಯಿತು. ಹೋದ ದಿನಗಳನ್ನು ಪಾಠ ಓಡಿಸಿ ಸರಿದೂಗಿಸಲು ಹೋಗಬೇಡಿ ಮೇಡಂ. ಓದು ಮತ್ತು ಕೂಡಿಸು-ಕಳೆ ಹಿಡಿದುಕೊಳ್ಳಿ, ಉಳಿದದ್ದು ಸ್ವಲ್ಪ ಹಿಂದೆ ಬಿದ್ದರೆ ಬೀಳಲಿ. ಯಾರಾದರೂ ಕೇಳಿದರೆ ರಜೆಯ ಆದೇಶ ತೋರಿಸಿ.

ನಿವೃತ್ತ ಮುಖ್ಯ ಶಿಕ್ಷಕರು, ದಾವಣಗೆರೆ:
ಪಾಠದ ವಿಷಯ ಬೇರೆಯವರು ಹೇಳಲಿ, ನಾನು ಲೆಕ್ಕದ್ದು ಹೇಳುತ್ತೇನೆ ತಾಯಿ. ಪ್ರಭಾರ ಅಂದರೆ ನಾಳೆ ಆಡಿಟ್ ಬಂದಾಗ ಸಹಿ ನಿಮ್ಮದೇ. ದಾಸ್ತಾನು ವಹಿ ಅವತ್ತಿನದು ಅವತ್ತೇ ಬರೆಯಿರಿ. ಪ್ರಾಥಮಿಕ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 150 ಎಂಎಲ್ ಹಾಲಿಗೆ 18 ಗ್ರಾಂ ಪುಡಿ. 42 ಮಕ್ಕಳಿದ್ದರೆ ಅಕ್ಕಿ 4 ಕೆಜಿ 200 ಗ್ರಾಂ, ಹಾಲಿನ ಪುಡಿ 756 ಗ್ರಾಂ. ಹೀಗೆ ಇಪ್ಪತ್ತರಿಂದ ಅರವತ್ತು ಮಕ್ಕಳವರೆಗೆ ಒಂದು ಪಟ್ಟಿ ಮಾಡಿ ಅಡುಗೆ ಕೋಣೆ ಗೋಡೆಗೆ ಹಾಕಿ. ಹಾಜರಿ ಸಂಖ್ಯೆಯನ್ನು ಒಂದು ಹುಡುಗಿ ಹೋಗಿ ಹೇಳಿಬಂದರೆ ಅಡುಗೆಯವರು ತಾವೇ ಅಳೆದುಕೊಳ್ಳುತ್ತಾರೆ. ರುಚಿ ನೋಡುವುದನ್ನು ಮಾತ್ರ ಬಿಡಬೇಡಿ. ಸುಮ್ನೆ ಸಹಿ ಹಾಕುವುದಲ್ಲ, ತಿಂದು ನೋಡಿ ಬರೆಯಬೇಕು.

ಶಾಲಾ ಅನುದಾನ 30 ಮಕ್ಕಳವರೆಗೆ ವರ್ಷಕ್ಕೆ 10,000, ಅದರ ಮೇಲೆ ನೂರರವರೆಗೆ 25,000. ಒಂದೇ ಸಲ ಬರುತ್ತದೆ ಅಂತ ನಂಬಿ ಅಂಗಡಿಯಲ್ಲಿ ಸಾಲ ಹೇಳಬೇಡಿ.

ಶಿರಸಿ ಕಡೆಯ ಟೀಚರ್:
ಒತ್ತಕ್ಷರದ ಬಗ್ಗೆ ಹೇಳುತ್ತೇನೆ, ಅದೇ ನಿಮ್ಮ ನಿಜವಾದ ಪ್ರಶ್ನೆ ಅಂತ ನನಗನ್ನಿಸುತ್ತದೆ. ಮೊದಲು ನಾಲ್ಕು-ಐದರ ಮಕ್ಕಳನ್ನು ತರಗತಿ ಬಿಟ್ಟು ಓದಿನ ಮಟ್ಟದ ಮೇಲೆ ಕೂರಿಸಿ. ಅಕ್ಷರ ಬರುವವರು, ಪದ ಓದುವವರು, ಸಾಲು ಓದುವವರು. ದಿನಾ ಒಂದು ಗಂಟೆ ಸಾಕು.

ಮಕ್ಕಳು ಎಲ್ಲ ಒತ್ತಿಗೂ ಎಡವುವುದಿಲ್ಲ, ಗಮನಿಸಿ ನೋಡಿ. 'ಹಬ್ಬ', 'ಅಜ್ಜ' ಹೇಗೋ ಓದುತ್ತಾರೆ, ಯಾಕೆಂದರೆ ಕೆಳಗಿರುವುದು ಮೇಲಿನ ಅಕ್ಷರದ ಮರಿಯ ಹಾಗೇ ಇರುತ್ತದೆ. ತ, ನ, ಮ, ಯ, ರ, ಲ ಒತ್ತುಗಳ ರೂಪವೇ ಬೇರೆ. 'ಅಮ್ಮ', 'ಬೆಲ್ಲ', 'ಅನ್ನ' ಬಾಯಿಗೆ ಗೊತ್ತಿರುವ ಪದವಾದ್ದರಿಂದ ಊಹಿಸಿ ದಾಟುತ್ತಾರೆ, 'ರಸ್ತೆ', 'ಪುಸ್ತಕ' ಬಂದರೆ ಸಿಕ್ಕಿಬೀಳುತ್ತಾರೆ. ಹಾಗಾಗಿ ಈ ಆರನ್ನು ಬೇರೆಯಾಗಿ ಕಲಿಸಿ, ಒಂದು ವಾರಕ್ಕೆ ಒಂದೇ. ಕೊನೆಗೆ ಅರ್ಕಾವೊತ್ತು. ನಮ್ಮ ಹುಡುಗನೊಬ್ಬ 'ವರ್ಷ'ವನ್ನು 'ವಷ್ರ' ಅಂತಲೇ ಓದುತ್ತಿದ್ದ. ಅವನದೇನು ತಪ್ಪು? ಷ ಮೊದಲು ಕಾಣುತ್ತದೆ, ರ್ ಆಮೇಲೆ ಕಾಣುತ್ತದೆ, ಬರೆದ ಹಾಗೆ ಓದಿದ್ದಾನೆ ಅಷ್ಟೆ. ಅವನಿಗೆ 'ವರ್‌ಷ' ಅಂತ ಒಡೆದು ಬರೆದೆ, ಕೆಳಗೆ 'ವರ್ಷ', ಎರಡಕ್ಕೂ ಬೆರಳಿಡಿಸಿ ಓದಿಸಿದೆ. 'ಸೂರ್ಯ', 'ಕಾರ್ಯ', 'ಅರ್ಧ' ಅದೇ ರೀತಿ. ಆಮೇಲೆ ಅವನೇ ಊರಿನ ಬೋರ್ಡುಗಳಲ್ಲಿ ಅರ್ಕಾವೊತ್ತು ಹುಡುಕಿಕೊಂಡು ಬಂದು ಹೇಳತೊಡಗಿದ.

ಓದಿಸುವಾಗ ಸಾಮೂಹಿಕವಾಗಿ ಹೇಳಿಸಬೇಡಿ. ಗುಂಪಿನಲ್ಲಿ ಎಲ್ಲರೂ ಓದಿದಂತೆಯೇ ಕೇಳುತ್ತದೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ, ಮಂಡ್ಯ ಜಿಲ್ಲೆ:
ನಾನು ಟೀಚರ್ ಅಲ್ಲ, ನನ್ನ ಮಗಳು ಮೂರನೇ ಕ್ಲಾಸು. ಒಂದು ಮಾತು ಹೇಳಬೇಕು ಅನ್ನಿಸಿತು. ಸಮಿತಿಯಲ್ಲಿ ಅರ್ಧ ಜನ ಹೆಂಗಸರೇ ಇರಬೇಕು ಅಂತ ನಿಯಮ ಇದೆ, ಆದರೆ ಸಭೆ ಕರೆಯುವುದು ಹನ್ನೊಂದು ಗಂಟೆಗೆ. ಕೂಲಿ ಬಿಟ್ಟು ಯಾರು ಬರ್ತಾರೆ ಮೇಡಂ? ಸಂಜೆ ಐದಕ್ಕೆ ಕರೆಯಿರಿ. ನಮ್ಮ ಶಾಲೆಯಲ್ಲಿ ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ ಅಂತ ಮನೆಮನೆಗೆ ಹೋಗಿ ಪಟ್ಟಿ ಮಾಡಿಕೊಟ್ಟವರು ನಾವೇ, ಪೋಷಕರ ಸಹಿ ಸಮೇತ. ಕೇಳಿದರೆ ಮಾಡುತ್ತೇವೆ. ಕೇಳುವುದೇ ಇಲ್ಲ ನೀವು, ಠರಾವಿಗೆ ಸಹಿ ಬೇಕಾದಾಗ ಮಾತ್ರ ಫೋನ್ ಮಾಡ್ತೀರಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮಂಡ್ಯದ ಅಕ್ಕ, ನೀವು ಹೇಳಿದ್ದು ನಾಟಿತು. ಶಿರಸಿ ಟೀಚರ್ ಹೇಳಿದ ಆರು ಒತ್ತುಗಳ ಪಟ್ಟಿ ಬರೆದುಕೊಂಡೆ. ಇನ್ನೊಂದು ಪ್ರಶ್ನೆ, ಅತಿಥಿ ಶಿಕ್ಷಕಿಗೆ ವಹಿಗಳ ಕೆಲಸ ಸ್ವಲ್ಪ ಹಂಚಬಹುದಾ?

ಹಾಸನ ಕಡೆಯ ಟೀಚರ್:
ಬೇಡ ಮೇಡಂ. ಹಣ, ದಾಸ್ತಾನು ಎರಡೂ ಪ್ರಭಾರಿಯ ಜವಾಬ್ದಾರಿ, ಹೆಚ್ಚುಕಡಿಮೆ ಆದರೆ ಪಾಪ ಅವರು ಸಿಕ್ಕಿಬೀಳುತ್ತಾರೆ. ಅವರಿಗೆ ಓದಿನ ಗುಂಪು ಪೂರ್ತಿ ಬಿಟ್ಟುಕೊಡಿ, ಮಧ್ಯೆ ಕೈ ಹಾಕಬೇಡಿ. ನೀವು ಮೀಟಿಂಗಿಗೆ ಹೋದ ದಿನ ನಲಿಕಲಿ ಮಕ್ಕಳೂ ಅವರ ಕೊಠಡಿಗೇ ಹೋಗುತ್ತಾರೆ ಅಲ್ವಾ, ಅವತ್ತು ಮಾಡಬೇಕಾದ ಚಟುವಟಿಕೆಯನ್ನು ಹಿಂದಿನ ದಿನವೇ ತೆಗೆದಿಟ್ಟು ಹೋಗಿ. ಮತ್ತೆ ಅವರ ಗೌರವಧನದ ಹಾಜರಿ ಪತ್ರವನ್ನು ತಿಂಗಳ ಕೊನೇ ದಿನವೇ ಕಳಿಸಿ. ಮೊದಲೇ ತಡವಾಗಿ ಬರುವ ದುಡ್ಡು ಅದು.