ಮಿನೆಸೋಟ ಚಳಿಗಾಲಕ್ಕೆ ಮುಂಚೆ ಅಂಗಳ, ನಲ್ಲಿ, ಕರಿಬೇವು: ಯಾವುದು ಮೊದಲು?

ಹಿತ್ತಲಬಾಗಿಲು (ಸೆಪ್ಟೆಂಬರ್ 24)

ಎಲ್ಲರಿಗೂ ನಮಸ್ಕಾರ. ಮಿನಿಯಾಪೊಲಿಸ್‌ನ ಪಶ್ಚಿಮಕ್ಕಿರುವ ಉಪನಗರ, ಸ್ವಂತ ಮನೆಯಲ್ಲಿ ಮೊದಲ ಚಳಿಗಾಲ. ಈ ವಾರ ರಾತ್ರಿ ಉಷ್ಣಾಂಶ 48ರಿಂದ 52 ಡಿಗ್ರಿ ಫ್ಯಾರನ್‌ಹೀಟ್ ಇದೆ.

ಅಂಗಳದಲ್ಲಿ ಸ್ಪ್ರಿಂಕ್ಲರ್ ಇದೆ (6 ಝೋನ್, ಅಂದರೆ ಬೇರೆ ಬೇರೆಯಾಗಿ ನೀರು ಬಿಡುವ 6 ಭಾಗ; ಕಪ್ಪು ಪಾಲಿಎಥಿಲೀನ್ ಅಥವಾ ‘ಪಾಲಿ’ ಪೈಪು). ಹೊರಗೋಡೆಯಲ್ಲಿ ಎರಡು ನಲ್ಲಿ, ಒಂದಕ್ಕೆ ಹೋಸ್ ಸಿಕ್ಕಿಸಿಯೇ ಇದೆ. ಈ ವರ್ಷ ನೆಟ್ಟ 5 ಆರ್ಬರ್‌ವೈಟಿ (ವರ್ಷವಿಡೀ ಹಸಿರಾಗಿರುವ ಬೇಲಿ ಗಿಡ), ಒಂದು ಎಳೆಯ ಸೇಬಿನ ಗಿಡ, ಎರಡು ಹೈಬ್ರಿಡ್ ಟೀ ಗುಲಾಬಿ ಇವೆ. ಲಾನ್‌ನಲ್ಲಿ ಅಲ್ಲಲ್ಲಿ ಬೋಳು. ಕುಂಡದಲ್ಲಿ ಕರಿಬೇವು (4 ಅಡಿ), ದುಂಡು ಮಲ್ಲಿಗೆ, ದಾಸವಾಳ ಇವೆ. ಬರುವ ಶನಿವಾರ, ಭಾನುವಾರ ಕೂತು ಎಲ್ಲ ಮುಗಿಸಬಹುದೇ? ಗುಲಾಬಿ ಬುಡಕ್ಕೆ ಈಗಲೇ ಒಣಹುಲ್ಲು ಮುಚ್ಚಲೇ? ಸ್ಪ್ರಿಂಕ್ಲರ್ ಪೈಪಿನಲ್ಲಿ ಉಳಿದ ನೀರನ್ನು ಗಾಳಿಯಿಂದ ಹೊರದೂಡಲು ಟೈರಿಗೆ ಗಾಳಿ ಹೊಡೆಯುವ ಸಣ್ಣ ಕಂಪ್ರೆಸರ್ ಸಾಕೇ?

ಮಣ್ಣುಗೈ

ಒಂದೇ ವಾರಾಂತ್ಯದಲ್ಲಿ ಆಗುವುದಿಲ್ಲ, ಆಗಿಸಲೂ ಬೇಡಿ. ಕುಂಡದ ಗಿಡ ಈ ವಾರ, ನೀರಿನ ಪೈಪು ಅಕ್ಟೋಬರ್ ಮೊದಲ ಹದಿನೈದು ದಿನದಲ್ಲಿ, ಗುಲಾಬಿ ಅಕ್ಟೋಬರ್ ಮಧ್ಯದಲ್ಲಿ, ಬುಡಕ್ಕೆ ಹೊದಿಕೆ ನೆಲ ಹೆಪ್ಪುಗಟ್ಟಲು ಶುರುವಾದ ಮೇಲೆ. ಬೇಗ ಮಾಡಿದರೂ ಕೆಡುತ್ತದೆ, ತಡವಾದರೂ ಕೆಡುತ್ತದೆ. ನಾನು ನೀರಿನ ವಿಷಯ ಮಾತ್ರ ಹೇಳುತ್ತೇನೆ, ದುಡ್ಡು ಹೋಗುವುದು ಅಲ್ಲಿಯೇ.

ಮೊದಲು ಆ ಹೋಸ್ ಬಿಚ್ಚಿ. ಇಲ್ಲಿನ ಹೊಸ ಮನೆಗಳ ನಲ್ಲಿ ಸಾಮಾನ್ಯವಾಗಿ ಫ್ರಾಸ್ಟ್-ಫ್ರೀ. ಹಿಡಿ ಹೊರಗಿದ್ದರೂ ನೀರು ನಿಲ್ಲಿಸುವ ವಾಷರ್ ಗೋಡೆಯೊಳಗೆ 8–12 ಇಂಚು ಹಿಂದೆ, ಬೆಚ್ಚಗಿನ ಜಾಗದಲ್ಲಿರುತ್ತದೆ. ಮುಚ್ಚಿದಾಗ ಕೊಳವೆಯಲ್ಲಿ ಉಳಿದ ನೀರು ಹೊರಗೆ ಸೋರಿಹೋಗಬೇಕು. ಹೋಸ್ ಸಿಕ್ಕಿಸಿದ್ದರೆ ಅದು ಸೋರುವುದಿಲ್ಲ, ಅಲ್ಲೇ ಮಂಜುಗಡ್ಡೆ ಕಟ್ಟಿ ಕೊಳವೆಯನ್ನು ಸೀಳುತ್ತದೆ. ಮೋಸ ಏನೆಂದರೆ ಚಳಿಗಾಲವಿಡೀ ಏನೂ ಗೊತ್ತಾಗುವುದಿಲ್ಲ. ಸೀಳಿದ ಭಾಗ ವಾಷರಿನಿಂದ ಈಚೆಗಿರುವುದರಿಂದ, ಮೇ ತಿಂಗಳಲ್ಲಿ ನಲ್ಲಿ ತಿರುಗಿಸಿದಾಗ ನೀರು ಗೋಡೆಯೊಳಗೆ ಸುರಿಯುತ್ತದೆ. ಬೇಸ್‌ಮೆಂಟ್ ಚಾವಣಿಯಲ್ಲಿ ಆ ಪೈಪಿಗೆ ಒಳವಾಲ್ವ್ ಇದ್ದರೆ ಅದನ್ನೂ ಮುಚ್ಚಿ. ಪಕ್ಕದಲ್ಲಿ ಸಣ್ಣ ಹಿತ್ತಾಳೆ ಮುಚ್ಚಳ ಇರುತ್ತದೆ. ಕೆಳಗೆ ಲೋಟ ಹಿಡಿದು ಸಡಿಲಿಸಿ ನೀರು ಬಸಿಯಿರಿ. ಹೊರಗಿನ ನಲ್ಲಿಯನ್ನು ತೆರೆದಿಟ್ಟು ಇದನ್ನು ಮಾಡಬೇಕು.

ಸ್ಪ್ರಿಂಕ್ಲರಿಗೆ ಸಣ್ಣ ಕಂಪ್ರೆಸರ್ ಸಾಲದು. ಬೇಕಾಗಿರುವುದು ಒತ್ತಡವಲ್ಲ, ಗಾಳಿಯ ಪ್ರಮಾಣ. ಮನೆಬಳಕೆಯ ಕಂಪ್ರೆಸರ್ 2–3 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಕೊಡುತ್ತದೆ, ಇದಕ್ಕೆ 20ಕ್ಕಿಂತ ಹೆಚ್ಚು ಬೇಕು. ಕಡಿಮೆ ಗಾಳಿ ನೀರನ್ನು ತಳ್ಳುವುದಿಲ್ಲ, ಅದರ ಮೇಲೆ ಹಾದು ಹೋಗುತ್ತದೆ. ನೀರು ಚಿಮ್ಮುವ ಹೆಡ್‌ನಿಂದ ಮಂಜಿನಂತೆ ಬಂದು ನಿಂತಾಗ ಆಯಿತು ಅನ್ನಿಸುತ್ತದೆ, ತಗ್ಗಿನಲ್ಲಿ ನೀರು ಉಳಿದೇ ಇರುತ್ತದೆ. ಅದನ್ನು ಸರಿದೂಗಿಸಲು ಒತ್ತಡ ಏರಿಸುವುದು ಇನ್ನೂ ದೊಡ್ಡ ತಪ್ಪು. ಪಾಲಿ ಪೈಪಿಗೆ 50 ಪಿಎಸ್‌ಐ (ಒತ್ತಡದ ಅಳತೆ) ಮೀರಬಾರದು, ಬಿಳಿ ಪಿವಿಸಿ ಆದರೆ 80. ದೊಡ್ಡ ಕಂಪ್ರೆಸರ್ ಬಾಡಿಗೆಗೆ ತನ್ನಿ, ಇಲ್ಲವೇ ಇದೇ ಕೆಲಸ ಮಾಡುವವರನ್ನು ಈಗಲೇ ಬುಕ್ ಮಾಡಿ. ಮೊದಲ ಫ್ರಾಸ್ಟ್ (ಹೆಪ್ಪುಗಟ್ಟುವ ಚಳಿ) ಸುದ್ದಿ ಬಂದ ದಿನ ಯಾರೂ ಫೋನ್ ಎತ್ತುವುದಿಲ್ಲ.

ನೀವೇ ಮಾಡುವುದಾದರೆ: ಒಳಗಿನ ಮುಖ್ಯ ವಾಲ್ವ್ ಮುಚ್ಚಿ. ಹೊರಗೋಡೆಯ ಹಿತ್ತಾಳೆ ಬ್ಯಾಕ್‌ಫ್ಲೋ ಸಾಧನದ (ನೀರು ಮನೆಯ ಪೈಪಿಗೆ ಹಿಂದಿರುಗದಂತೆ ತಡೆಯುವುದು) ಎರಡೂ ಹಿಡಿ ಮುಚ್ಚಿ, ಅದರಾಚೆ ಇರುವ ಬ್ಲೋ-ಔಟ್ ತೂತಿಗೆ ಗಾಳಿ ಪೈಪು ಜೋಡಿಸಿ. ಸಾಧನದ ಮೂಲಕ ಗಾಳಿ ಹಾಯಿಸಬೇಡಿ, ಒಳಗಿನ ಪ್ಲಾಸ್ಟಿಕ್ ಭಾಗ ಬಿಸಿಗೆ ಕೆಡುತ್ತದೆ. ಕಂಟ್ರೋಲರಿನಲ್ಲಿ ಒಂದು ಝೋನ್ ತೆರೆದ ಮೇಲಷ್ಟೇ ಗಾಳಿ ಬಿಡಿ, ಅತಿ ದೂರದ ಝೋನ್ ಮೊದಲು. ಪ್ರತಿಯೊಂದಕ್ಕೂ ಸುಮಾರು 2 ನಿಮಿಷ, ಆಮೇಲೆ ಇನ್ನೊಂದು ಸುತ್ತು. ನೀರು ನಿಂತ ಮೇಲೂ ಗಾಳಿ ಬಿಟ್ಟರೆ ತಿರುಗುವ ಹೆಡ್‌ಗಳ ಗೇರು ಒಣಗಿ ಬಿಸಿಯಾಗಿ ಸವೆಯುತ್ತದೆ. ಎಲ್ಲ ಮುಗಿದ ಮೇಲೆ ಸಾಧನದ ಹಿಡಿಗಳನ್ನು 45 ಡಿಗ್ರಿಗೆ, ಅಂದರೆ ಅರ್ಧ ತೆರೆದು ಬಿಡಿ. ಅವು ಬಾಲ್ ವಾಲ್ವ್, ಪೂರ್ತಿ ಮುಚ್ಚಿದ್ದರೆ ಗುಂಡಿನೊಳಗೇ ನೀರು ಸಿಕ್ಕಿ ಒಡೆಯುತ್ತದೆ. ನೆಲದ ಮೇಲಿರುವ ಈ ಸಾಧನವೇ ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುವುದು. ಅಕಸ್ಮಾತ್ ಬೇಗ ಚಳಿ ಬಂದರೆ ಹಳೆ ಕಂಬಳಿ ಸುತ್ತಿ ಮೇಲೆ ಚೀಲ ಕಟ್ಟಿದರೆ ಒಂದು ರಾತ್ರಿ ತಡೆಯುತ್ತದೆ.

ಕುಂಡದಗಿಡ

ಕರಿಬೇವು, ಮಲ್ಲಿಗೆ, ದಾಸವಾಳಕ್ಕೆ ಗೆರೆ 50 ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 10 ಸೆಲ್ಸಿಯಸ್. ನೀವು ಆಗಲೇ ಗೆರೆಯ ಮೇಲಿದ್ದೀರಿ. ಇವತ್ತಿನಿಂದ ರಾತ್ರಿ ಒಳಗೆ, ಹಗಲು ನೆರಳಿನಲ್ಲಿ. ಹೀಗೆ ವಾರ, ಹತ್ತು ದಿನ ಮಾಡಿ ಆಮೇಲೆ ಪೂರ್ತಿ ಒಳಗೆ. ಸುಡುಬಿಸಿಲಿನಿಂದ ನೇರ ಲಿವಿಂಗ್ ರೂಮಿಗೆ ತಂದರೆ ಎಲೆ ಉದುರುವುದು ಹೆಚ್ಚು.

ಅದಕ್ಕಿಂತ ಮುಖ್ಯವಾದದ್ದು ಹುಳ. ಹೊರಗೆ ಹದ್ದುಬಸ್ತಿನಲ್ಲಿದ್ದ ಜೇಡನುಸಿ ಹೀಟರಿನ ಒಣಗಾಳಿಯಲ್ಲಿ ಎರಡೇ ವಾರದಲ್ಲಿ ಗಿಡ ಮುಗಿಸುತ್ತದೆ. ಪರೀಕ್ಷೆ ಸುಲಭ: ಬಿಳಿ ಕಾಗದ ಹಿಡಿದು ಕೊಂಬೆ ಕೊಡವಿ. ಬಿದ್ದ ಧೂಳಿನ ಚುಕ್ಕೆಗಳು ನಿಧಾನವಾಗಿ ನಡೆಯತೊಡಗಿದರೆ ಅದೇ. ಕರಿಬೇವಿನ ಕಾಂಡಕ್ಕೆ ಅಂಟಿದ ಕಂದು ಹುರುಪೆ ಉಗುರಿಗೆ ಕಿತ್ತು ಬಂದರೆ ಶಲ್ಕ ಕೀಟ. ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಹತ್ತಿಯಂಥ ಬಿಳಿ ಕಂಡರೆ ಹಿಟ್ಟು ತಿಗಣೆ. ಹೋಸ್ ಬಿಚ್ಚಿಡುವ ಮುಂಚೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆದು ತೊಳೆಯಿರಿ, ಒಣಗಿದ ಮೇಲೆ ಇನ್ಸೆಕ್ಟಿಸೈಡಲ್ ಸೋಪ್ ಸಿಂಪಡಿಸಿ. 7 ದಿನಕ್ಕೊಮ್ಮೆ, ಮೂರು ಸಲ. ಒಂದೇ ಸಲ ಸಾಲದು, ಮೊಟ್ಟೆಗೆ ಅದು ತಾಗುವುದಿಲ್ಲ. ಪಾತ್ರೆ ತೊಳೆಯುವ ದ್ರಾವಣ ಹಾಕಬೇಡಿ, ಎಳೆ ಎಲೆ ಸುಡುತ್ತದೆ. ಎಲೆ ಅಡುಗೆಗೆ ಬೇಕಾದ್ದರಿಂದ ಬೇರುಗಳಿಗೆ ಹಾಕುವ, ಇಡೀ ಗಿಡದೊಳಗೆ ಹರಡುವ ಸಿಸ್ಟೆಮಿಕ್ ಔಷಧಿ ಕರಿಬೇವಿಗೆ ಬೇಡವೇ ಬೇಡ.

ಒಳಗೆ ದಕ್ಷಿಣದ ಕಿಟಕಿ. ಗಾಜಿಗೆ ಎಲೆ ತಾಗಬಾರದು, ಹೀಟರಿನ ಗಾಳಿ ನೇರ ಬಡಿಯಬಾರದು. ಅಕ್ಟೋಬರಿನಿಂದ ಫೆಬ್ರವರಿ ಕೊನೆವರೆಗೆ ಗೊಬ್ಬರ ನಿಲ್ಲಿಸಿ. ಬೆರಳು ಎರಡು ಇಂಚು ಇಳಿಸಿ, ಒಣಗಿದ್ದರೆ ಮಾತ್ರ ನೀರು. ಕರಿಬೇವು ಡಿಸೆಂಬರಿನಲ್ಲಿ ಹಳದಿಯಾಗಿ ಎಲೆ ಉದುರಿಸುತ್ತದೆ, ಅದು ಅದರ ನಿದ್ದೆ. ಆಗ ಪಾಪ ಅಂತ ನೀರು ಸುರಿದವರೇ ಗಿಡ ಕಳೆದುಕೊಳ್ಳುವುದು, ಬೇರು ಕೊಳೆತು. ಕಾಂಡವನ್ನು ಉಗುರಿನಿಂದ ಕೆರೆದಾಗ ಹಸಿರು ಕಂಡರೆ ಜೀವ ಇದೆ. ದಾಸವಾಳವನ್ನು ಮೂರರಲ್ಲೊಂದು ಭಾಗ ಕತ್ತರಿಸಿ ತನ್ನಿ. ಮಲ್ಲಿಗೆಯ ಕತ್ತರಿಕೆ ಮಾರ್ಚ್‌ಗೆ ಇರಲಿ. ಕುಂಡ ಬದಲಿಸುವ ಯೋಚನೆ ಇದ್ದರೆ ಅದೂ ವಸಂತಕ್ಕೇ.

ಬೇಲಿಸಾಲು

ಗುಲಾಬಿಗೆ ಈಗ ಹುಲ್ಲು ಮುಚ್ಚಬೇಡಿ. ಬೆಚ್ಚಗಿನ ನೆಲದ ಮೇಲೆ ಹೊದಿಕೆ ಹಾಕಿದರೆ ಗಿಡ ಚಳಿಗೆ ಗಟ್ಟಿಯಾಗುವುದು ತಡವಾಗುತ್ತದೆ, ಇಲಿಗಳಿಗೆ ಬಾಡಿಗೆ ಇಲ್ಲದ ಮನೆಯೂ ಆಗುತ್ತದೆ. ಹೈಬ್ರಿಡ್ ಟೀ ಗುಲಾಬಿಗೆ ಇಲ್ಲಿ ಬುಡಕ್ಕೆ ಮಣ್ಣೇರಿಸುವುದು ಸಾಲದು. ಅದಕ್ಕೇ ಈ ರಾಜ್ಯದ ಹೆಸರಿನಲ್ಲೇ ‘ಮಿನೆಸೋಟ ಟಿಪ್’ ಎಂಬ ಪದ್ಧತಿ ಇದೆ, ಗಿಡವನ್ನೇ ಮಲಗಿಸಿ ಹೂಳುವುದು. ಅಕ್ಟೋಬರ್ ಮಧ್ಯದಲ್ಲಿ ಹಿಂದಿನ ದಿನ ಚೆನ್ನಾಗಿ ನೀರು ಕೊಟ್ಟು, ಕೊಂಬೆಗಳನ್ನು ನೈಲಾನ್ ಹುರಿಯಿಂದ ಒಟ್ಟಿಗೆ ಕಟ್ಟಿ. ಒಂದು ಬದಿಗೆ ಗಿಡದುದ್ದದ ಕಾಲುವೆ ತೋಡಿ, ಎದುರು ಬದಿಯ ಬೇರನ್ನು ಫೋರ್ಕಿನಿಂದ ಸಡಿಲಿಸಿ. ಗಿಡವನ್ನು ಬುಡದಿಂದ ವಾಲಿಸಬೇಕು, ಕಾಂಡ ಬಗ್ಗಿಸಿದರೆ ಕಸಿಯ ಗಂಟಿನಲ್ಲಿ ಮುರಿಯುತ್ತದೆ. ಮೇಲೆ 2–3 ಇಂಚು ಮಣ್ಣು. ಒಣ ಎಲೆಯ ದಪ್ಪ ಹೊದಿಕೆ ಮಣ್ಣು ಹೆಪ್ಪುಗಟ್ಟಲು ಶುರುವಾದ ಮೇಲೆ. ಏಪ್ರಿಲ್‌ನಲ್ಲಿ ಎಬ್ಬಿಸಿ.

ಆರ್ಬರ್‌ವೈಟಿ ಸಾಯುವುದು ಚಳಿಗಿಂತ ಒಣಗಿ. ಬೇರು ಹೆಪ್ಪುಗಟ್ಟಿದ ಮಣ್ಣಿನಲ್ಲಿರುವಾಗ ಎಲೆ ಬಿಸಿಲಿಗೆ ನೀರು ಕಳೆದುಕೊಳ್ಳುತ್ತದೆ, ಮಾರ್ಚ್‌ನಲ್ಲಿ ದಕ್ಷಿಣ ಮತ್ತು ಪಶ್ಚಿಮದ ಮೈ ಕಂದಾಗುತ್ತದೆ. ಮಳೆ ಸೇರಿ ವಾರಕ್ಕೆ ಒಂದು ಇಂಚು ನೀರು ನೆಲ ಹೆಪ್ಪುಗಟ್ಟುವವರೆಗೂ ಬೀಳಬೇಕು. ಸ್ಪ್ರಿಂಕ್ಲರ್ ಬಂದ್ ಆದ ಮೇಲೆ ಬಕೆಟ್ಟಿನಲ್ಲಾದರೂ ಸರಿ. ಗೂಟ ಹೊಡೆದು ಆ ಎರಡು ಬದಿಗೆ ಗೋಣಿಬಟ್ಟೆಯ ಪರದೆ ಕಟ್ಟಿ, ಎಲೆಗೆ ತಾಗದಂತೆ. ಪ್ಲಾಸ್ಟಿಕ್ ಬೇಡ. ಗೂಟಗಳನ್ನು ನೆಲ ಮೆತ್ತಗಿರುವಾಗಲೇ ಹೊಡೆದಿಡಿ.

ಸೇಬಿಗೆ ಎರಡು ಶತ್ರು. ಒಂದು ಬಿಸಿಲು: ಹಗಲು ಕಾದ ತೊಗಟೆ ರಾತ್ರಿ ಹಠಾತ್ತಾಗಿ ಹೆಪ್ಪುಗಟ್ಟಿ ಸೀಳುತ್ತದೆ. ನವೆಂಬರಿನಲ್ಲಿ ಬಿಳಿ ಟ್ರೀ ಗಾರ್ಡ್ (ಕಾಂಡದ ರಕ್ಷಾಕವಚ) ಮೊದಲ ಕೊಂಬೆವರೆಗೆ ಸುತ್ತಿ, ವಸಂತದಲ್ಲಿ ತಪ್ಪದೆ ತೆಗೆಯಿರಿ. ಇನ್ನೊಂದು ಮೊಲ: ಕಾಲಿಂಚಿನ ಕಣ್ಣಿನ ತಂತಿಬಲೆಯನ್ನು ಕಾಂಡಕ್ಕೆ ತಾಗದಂತೆ ಸುತ್ತ ನಿಲ್ಲಿಸಿ, 2–3 ಇಂಚು ಮಣ್ಣಿನೊಳಗೆ ಹೂಳಿ. ಎತ್ತರವನ್ನು ನೆಲದಿಂದಲ್ಲ, ಹಿಮದ ಮಟ್ಟದಿಂದ ಲೆಕ್ಕ ಹಾಕಿ. ಎರಡು ಅಡಿ ಹಿಮ ಬಿದ್ದರೆ ಮೊಲ ಎರಡು ಅಡಿ ಮೇಲೆ ನಿಂತು ತಿನ್ನುತ್ತದೆ. ಹಿಮದ ಮೇಲೆ ಇನ್ನೂ ಒಂದೂವರೆ ಅಡಿ ಬಲೆ ಇರಬೇಕು.

ಲಾನ್: ಬೀಜದ ಕಾಲ ಮುಗಿಯಿತು (ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯ). ಬೋಳು ಜಾಗಕ್ಕೆ ನವೆಂಬರಿನಲ್ಲಿ, ಮಣ್ಣು 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಾದ ಮೇಲೆ ಕೆರೆದು ಬೀಜ ಹಾಕಿ, ವಸಂತಕ್ಕೆ ಮೊಳೆಯುತ್ತದೆ. ಗೊಬ್ಬರ ಕೊಳ್ಳುವಾಗ ಚೀಲದ ಮೂರು ಸಂಖ್ಯೆಗಳಲ್ಲಿ ನಡುವಿನದು, ಅಂದರೆ ರಂಜಕದ ಸಂಖ್ಯೆ, 0 ಇರಲಿ. ಹೊಸ ಲಾನ್ ಅಥವಾ ಮಣ್ಣು ಪರೀಕ್ಷೆಯ ಆಧಾರ ಇಲ್ಲದೆ ಲಾನ್‌ಗೆ ರಂಜಕ ಹಾಕುವುದು ಈ ರಾಜ್ಯದಲ್ಲಿ ಕಾನೂನುಬಾಹಿರ. ಕೊನೆಯ ಕಟಾವು ಎರಡೂವರೆ ಇಂಚಿಗೆ.

ಹಿತ್ತಲಬಾಗಿಲು

ಧನ್ಯವಾದ. ಹೋಸ್ ಬಿಚ್ಚಿದೆ. ಆ ನಲ್ಲಿ ಪೂರ್ತಿ ಮುಚ್ಚಿದ ಮೇಲೂ ನಿಮಿಷಕ್ಕೆ ನಾಲ್ಕೈದು ಹನಿ ಬೀಳುತ್ತಲೇ ಇದೆ. ಬಿಟ್ಟರೆ ತೊಂದರೆಯೇ? ಇನ್ನೊಂದು, ಮೇಪಲ್ ಎಲೆ ರಾಶಿ ಬೀಳುತ್ತಿದೆ, ಎಲ್ಲ ಗುಡಿಸಬೇಕೇ?

ಮಣ್ಣುಗೈ

ಬಿಡಬೇಡಿ. ಮುಚ್ಚಿದ ಮೇಲೆ ಹತ್ತು ಸೆಕೆಂಡ್ ಸೋರಿ ನಿಂತರೆ ಸರಿ, ನಿಲ್ಲದಿದ್ದರೆ ಒಳಗಿನ ವಾಷರ್ ಸವೆದಿದೆ. ಆ ಹನಿ ಕೊಳವೆಯ ಬಾಯಲ್ಲಿ ಪದರ ಪದರವಾಗಿ ಹೆಪ್ಪುಗಟ್ಟಿ ಬಿರಡೆಯಾಗುತ್ತದೆ, ಆಮೇಲೆ ಹೋಸ್ ಸಿಕ್ಕಿಸಿಟ್ಟಂತೆಯೇ. ಒಳವಾಲ್ವ್ ಮುಚ್ಚಿ, ಹಿಡಿ ಬಿಚ್ಚಿ, ನಟ್ಟು ಸಡಿಲಿಸಿ ಒಳಗಿನ ಉದ್ದದ ಸಲಾಕೆಯನ್ನೇ (ಸ್ಟೆಮ್) ಹೊರಗೆಳೆಯಿರಿ. ತುದಿಯಲ್ಲಿ ಒಂದು ಸ್ಕ್ರೂನಿಂದ ಹಿಡಿದ ರಬ್ಬರ್ ವಾಷರ್ ಇರುತ್ತದೆ. ಅದನ್ನೇ ಅಂಗಡಿಗೆ ಒಯ್ದು ಅಳತೆಗೆ ಸರಿಯಾದದ್ದು ತನ್ನಿ. ಜೊತೆಗೆ ನಲ್ಲಿ ಹೊರಕ್ಕೆ ಸ್ವಲ್ಪ ಇಳಿಜಾರಾಗಿದೆಯೇ ಎಂದು ಲೆವೆಲ್ ಇಟ್ಟು ನೋಡಿ. ಒಳಕ್ಕೆ ವಾಲಿದ್ದರೆ ಎಂಥ ಹೊಸ ವಾಷರ್ ಹಾಕಿದರೂ ನೀರು ಕೊಳವೆಯೊಳಗೇ ಉಳಿಯುತ್ತದೆ.

ಬೇಲಿಸಾಲು

ಎಲೆಯ ಮೇಲೆ ಮೋವರ್ ಎರಡು ಸಲ ಓಡಿಸಿ ಪುಡಿ ಮಾಡಿ. ಪುಡಿಯ ನಡುವೆ ಹುಲ್ಲು ಕಾಣುತ್ತಿದ್ದರೆ ಹಾಗೇ ಬಿಡಬಹುದು. ಇಡೀ ಎಲೆ ಒದ್ದೆಯಾಗಿ ಚಾಪೆಯಂತೆ ಕೂತರೆ ಹಿಮದಡಿ ಶಿಲೀಂಧ್ರ ಹಿಡಿದು ಬೂದು ತೇಪೆಗಳಾಗುತ್ತವೆ. ಹೆಚ್ಚಾದದ್ದನ್ನು ಗುಲಾಬಿಯ ಮೇಲೆ ಹಾಕಲು ಒಣ ಜಾಗದಲ್ಲಿ ಚೀಲಗಳಲ್ಲಿ ತುಂಬಿಡಿ, ನವೆಂಬರಿನಲ್ಲಿ ಹುಡುಕಿದರೆ ಒಣ ಎಲೆ ಸಿಗುವುದಿಲ್ಲ.