ಗಿಂಬಲ್ ಹೆಡ್ ಬದ್ಲಿ ಬಾಲ್ ಹೆಡ್ ಬಂತು, ಬ್ಯಾಂಕ್‌ನೋರು ಕೈ ಎತ್ತ್ಯಾರ. ಚಾರ್ಜ್‌ಬ್ಯಾಕ್ (ಕಾರ್ಡ್‌ನಿಂದ ಹೋದ ರೊಕ್ಕ ವಾಪಸ್ ತರಿಸೋದು) ಹೆಂಗ ಮಾಡೋದು?

ಉಣಕಲ್ ಕೆರಿ
ತಲಿ ಕೆಟ್ಟು ಮಸರ ಗಡಗಿ ಆಗೇತಿ ನೋಡ್ರಪಾ. ಗದಗ ಕಡೆ ಮಾಗಡಿ ಕೆರಿಗೆ ಬಾತು ಬರೋದ್ರಾಗ ಇರ್ಲಿ ಅಂತ ಒಂದು ಸಣ್ಣ ವೆಬ್‌ಸೈಟ್‌ನ್ಯಾಗ ಗಿಂಬಲ್ ಹೆಡ್ (ಭಾರದ ಲೆನ್ಸ್ ತೂಗಿಸಿ ಹಿಡಿಯೋ ಟ್ರೈಪಾಡ್ ತಲಿ) ತರಿಸಿದ್ನಿ, 9,400 ರೂಪಾಯಿ, ಕಾರ್ಡ್‌ನ್ಯಾಗ ಓಟಿಪಿ ಹಾಕಿ ಕೊಟ್ಟೀನಿ. ಡಬ್ಬಿ ತೆಗದ್ರ ಒಳಗ ನಿಂಬಿಹಣ್ಣಿನಷ್ಟು ಬಾಲ್ ಹೆಡ್, ಹಳೇ ಪೇಪರ್‌ನ್ಯಾಗ ಸುತ್ತ್ಯಾರ, ಎಷ್ಟ ಬಿಗಿ ಮಾಡಿದ್ರೂ ಲೆನ್ಸ್ ಮೂಗು ಕೆಳಗ ಹಾಕ್ಕೊಂಡು ಕೂಡತೈತಿ. ಮಾರಿದಾವ ಒಂದು ಸಲ "ಚೆಕ್ ಮಾಡ್ತೀವಿ ಸರ್" ಅಂದ, ಆಮ್ಯಾಲೆ ಫೋನ್ ಎತ್ತವಲ್ಲ. ಬ್ಯಾಂಕಿಗೆ ಫೋನ್ ಹಚ್ಚಿದ್ರ "ಅಂಥಾ ಟ್ರಾನ್ಸಾಕ್ಷನ್ನ ಕಾಣವಲ್ದು" ಅಂತಾರ. ಯಾರರ ಚಾರ್ಜ್‌ಬ್ಯಾಕ್ ಮಾಡಿಸೀರೇನು?

ಬ್ಯಾಡಗಿ ಖಾರ
3 ಕೆಲಸದ ದಿನದಾಗ ಹೇಳಿದ್ರ ಝೀರೋ ಲಯಬಿಲಿಟಿ, ನಷ್ಟ ನಿಮ್ಮ ಮ್ಯಾಲೆ ಬರೂದಿಲ್ಲ. 2017ರ ಆರ್‌ಬಿಐ ಸರ್ಕ್ಯುಲರ್ ಐತಿ, ಪ್ರಿಂಟ್ ತಗೊಂಡು ಮ್ಯಾನೇಜರ್ ಟೇಬಲ್ ಮ್ಯಾಲೆ ಒಗೀರಿ. 10 ಕೆಲಸದ ದಿನದಾಗ ರೊಕ್ಕ ಹಾಕಬೇಕು ಅವರು.

ಸಪ್ತಾಪುರ ಶಟರ್
ಅದು ನಿಮಗ ಗೊತ್ತಿಲ್ಲದ ಬ್ಯಾರೆಯವರು ಕಾರ್ಡ್ ಬಳಸಿದ್ರ ಇರೋದು. ಇವರು ತಾವ ಓಟಿಪಿ ಹಾಕ್ಯಾರ, ವ್ಯವಹಾರ ಖರೇ ಅದ, ಮಾಲು ತಪ್ಪು ಅದ. ಡಿಸ್ಪ್ಯೂಟ್ ಫಾರ್ಮ್‌ನಾಗ "ಹೇಳಿದಂಥಾ ಮಾಲು ಬಂದಿಲ್ಲ" ಅನ್ನೋ ಕಾರಣ ಇರ್ತದ, ಅದನ್ನ ಹಚ್ಚಬೇಕು. ಫ್ರಾಡ್ ಅಂತ ಟಿಕ್ ಹಾಕಿದ್ರ ಓಟಿಪಿ ತೋರಿಸಿ ಫೈಲ್ ಮುಚ್ಚಿಬಿಡ್ತಾರ. ವೀಸಾ, ಮಾಸ್ಟರ್‌ಕಾರ್ಡ್‌ಗೆ ಸಾಮಾನ್ಯ 120 ದಿನ ಟೈಮ್ ಇರ್ತದ, ಹಂಗಂತ ಕೂಡಬ್ಯಾಡ್ರಿ.

ಬ್ಯಾಡಗಿ ಖಾರ
3 ದಿನ ಸರ್, 3 ದಿನ. ಬರದದ್ದು ಬರದದ್ದ. ನಮ್ಮ ಮಾವಗ ಹಂಗ ಬಂದೈತಿ ರೊಕ್ಕ.

ಸಪ್ತಾಪುರ ಶಟರ್
ನಿಮ್ಮ ಮಾವನ ಕಾರ್ಡ್ ಕ್ಲೋನ್ (ಕಳ್ಳ ನಕಲು) ಆಗಿತ್ತು. ನೀವ ಹೋದ ವರ್ಷ ಇಲ್ಲೇ ಬರದಿದ್ರಿ.

ಮಾಗಡಿ ಬಾತು
ಗಿಂಬಲ್ ಯಾಕ ಬೇಕಿತ್ತೋ ದೋಸ್ತ. ನಾ ಹಳೇ ಜೀನ್ಸಿನ ಕಾಲು ಕತ್ತರಿಸಿ ಹೊಲದು ಎರಡು ಕೆಜಿ ಜ್ವಾಳ ತುಂಬೇನಿ, ಕಾರಿನ ಕಿಡಕಿ ಮ್ಯಾಲೆ ಇಟ್ಟು 150-600 ಲೆನ್ಸ್ ಕುಂದರ್ಸಿದ್ರ ಅಲ್ಲಾಡೂದ ಇಲ್ಲ. ಹ್ವಾದ ಜನವರ್ಯಾಗ ಪಟ್ಟೆತಲೆ ಹೆಬ್ಬಾತಿನ ಕಣ್ಣಾಗಿನ ಹೊಳಪು ಸುದ್ದಾ ಬಂದೈತಿ, ಫೋಟೋ ಹಾಕ್ಲೇನು? 2024ರಾಗ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ಜಾಗಗಳ ಪಟ್ಟಿ) ಸೇರಿದ ಮ್ಯಾಲೆ ಆ ಕೆರಿ ದಂಡಿಗೆ ಮಂದ್ಯೋ ಮಂದಿ, ಟ್ರೈಪಾಡ್ ಹರವಾಕ ಜಾಗ ಎಲ್ಲೈತಿ.

ರಾಣೆಬೆನ್ನೂರ ಚಿಗರಿ
ಜ್ವಾಳಕ್ಕ ನುಸಿ ಬೀಳ್ತಾವ್ರೀ, ಥರ್ಮೋಕೋಲ್ ಗುಂಡು ತುಂಬ್ರಿ. ಮತ್ತ ನಮ್ಮ ತಮ್ಮ ಲಂಡನ್‌ನ್ಯಾಗ ಅದಾನ, ಅಲ್ಲಿ 100 ಪೌಂಡ್ ದಾಟಿದ್ರ ಕಾರ್ಡ್ ಕಂಪನಿನೂ ಜವಾಬ್ದಾರಿ ಅಂತ, ಸೆಕ್ಷನ್ 75. ಅದನ್ನ ಬರದು ಕಳಸ್ರಿ.

ಸಪ್ತಾಪುರ ಶಟರ್
ಆ 1974ರ ಕಾಯ್ದೆ ಬ್ರಿಟನ್ನಿಂದು, ಅದೂ ಕ್ರೆಡಿಟ್ ಕಾರ್ಡ್‌ಗೆ ಅಷ್ಟ. ಹುಬ್ಬಳ್ಳಿ ಬ್ರಾಂಚಿನಾಗ ಅದನ್ನ ಹೇಳಿದ್ರ ಚಹಾ ಕುಡಿಸಿ ಕಳಸ್ತಾರ. ಉಣಕಲ್ ಅವರ, ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ಬಂತೇನ್ರಿ?

ಉಣಕಲ್ ಕೆರಿ
ಕ್ರೆಡಿಟ್ ಕಾರ್ಡ್ ಅಂತ ನಾ ಎಲ್ಲಿ ಅಂದೀನ್ರಿ? ದೀಪಾವಳಿಗೆ ಆಫೀಸ್‌ನ್ಯಾಗ ಕೊಟ್ಟಿದ್ದ 10,000ದ ಗಿಫ್ಟ್ ಕಾರ್ಡ್. ಕಾರ್ಡ್ ಅಂದ್ರ ಕಾರ್ಡ ಅಲ್ಲೇನು.

ಸಪ್ತಾಪುರ ಶಟರ್
ಎಪ್ಪಾ. ಹಂಗಾರ ಫೋನ್ ಹಚ್ಚಿದ್ದು ಯಾವ ಬ್ಯಾಂಕಿಗೆ?

ಉಣಕಲ್ ಕೆರಿ
ನನ್ನ ಪಗಾರ ಬರೋ ಬ್ಯಾಂಕಿಗೆ.

ಸಪ್ತಾಪುರ ಶಟರ್
ಅದಕ್ಕ ಅವರಿಗೆ ಕಂಡಿಲ್ಲ. ಕಾರ್ಡ್ ಹಿಂದ ಯಾರು ಕೊಟ್ಟಾರ ಅಂತ ಹೆಸರು, ನಂಬರ್ ಇರ್ತದ, ಅವರಿಗೆ ಹೇಳ್ರಿ. ಪ್ರೀಪೇಯ್ಡ್ ಆದ್ರೂ ವೀಸಾ, ಮಾಸ್ಟರ್‌ಕಾರ್ಡ್ ಮ್ಯಾಲೆ ಓಡಿದ್ದ ಆದ್ರ ಡಿಸ್ಪ್ಯೂಟ್ ಹಾಕಲಿಕ್ಕೆ ದಾರಿ ಅದ. ಕ್ರೆಡಿಟ್ ಕಾರ್ಡ್ ಆಗಿದ್ರ ಬಿಲ್ಲಿನಾಗ ಆ ರೊಕ್ಕ ತಡೀರಿ ಅಂತರ ಕೇಳಬಹುದಿತ್ತು, ಇಲ್ಲಿ ನಿಮ್ಮ ರೊಕ್ಕ ಮೊದಲ ಹೋಗ್ಯದ. ಬರೂದೂ ತಿರುಗಿ ಅದ ಕಾರ್ಡಿಗೆ, ಅದಕ್ಕ ಕಾರ್ಡ್ ಜ್ವಾಪಾನ, ಅವಧಿ ಎಲ್ಲೀತನಕ ಅದ ನೋಡ್ಕೋರಿ. ವೆಬ್‌ಸೈಟ್ ಪುಟ, ಡಬ್ಬಿ ಫೋಟೋ, ಮಾರಿದಾವಗ ಕಳಿಸಿದ ಇಮೇಲ್ ಎಲ್ಲಾ ಹಚ್ರಿ, ಕುರಿಯರ್ ಚೀಟಿ ಒಗದೀರಿ ಮತ್ತ, ಅದರಾಗ ತೂಕ ಬರದಿರ್ತದ. 30 ದಿನ ಉತ್ತರ ಬರ್ಲಿಲ್ಲಂದ್ರ ಆರ್‌ಬಿಐ ಓಂಬುಡ್ಸ್‌ಮನ್ (ಬ್ಯಾಂಕ್ ದೂರು ಕೇಳೋ ಅಧಿಕಾರಿ) ಕಡೆ ಹೋಗ್ರಿ. ಮಾರಿದಾವನ ಮ್ಯಾಲೆ ಗ್ರಾಹಕರ ಸಹಾಯವಾಣಿ 1915ಕ್ಕ ಈಗ ಹೇಳ್ರಿ. ಅದೂ ಆಗಲಿಲ್ಲಂದ್ರ ಧಾರವಾಡದ ಗ್ರಾಹಕರ ಆಯೋಗ, ನೀವಿರೋ ಜಿಲ್ಲಾದಾಗ ಕೇಸ್ ಹಾಕಲಿಕ್ಕೆ ಬರ್ತದ, 5 ಲಕ್ಷದ ಮಟಾ ಫೀನೂ ಇಲ್ಲ.

ಉಣಕಲ್ ಕೆರಿ
ಕಾರ್ಡ್... ರೊಕ್ಕ ಖಾಲಿ ಆತಲ್ಲ ಅಂತ ಮಗನ ಕೈಯಾಗ ಕೊಟ್ಟಿದ್ನಿ, ಕಂಡಕ್ಟರ್ ಆಟಕ್ಕ. ಪಂಚಿಂಗ್ ಮಷೀನ್ ತಗೊಂಡು ಮೂರು ತೂತು ಹೊಡದಾನ. ಒಂದು ಸೀದಾ ನಡುವಿನ ನಂಬರ್ ಮ್ಯಾಲೆ. ಫೋಟೋ ಹಾಕ್ತೀನಿ ನೋಡ್ರಿ.

ಸಪ್ತಾಪುರ ಶಟರ್
ಫೋಟೋ ಹಾಕಬ್ಯಾಡ್ರಿ ಮಾರಾಯ್ರ! ಮೆಸೇಜಿನಾಗ ಕೊನೀ ನಾಕು ಅಂಕಿ ಇರ್ತಾವ, ಆಫೀಸಿನಾಗ ಯಾರಿಗೆ ಯಾವ ಕಾರ್ಡ್ ಅಂತ ಲಿಸ್ಟ್ ಇಟ್ಟಿರ್ತಾರ, ಕೇಳ್ರಿ.

ಬ್ಯಾಡಗಿ ಖಾರ
3 ದಿನದಾಗ ಹೇಳಿದ್ರ ಇಷ್ಟ ತ್ರಾಸ ಇರ್ತಿರಲಿಲ್ಲ.

ಮಾಗಡಿ ಬಾತು
ಆ ಬಾಲ್ ಹೆಡ್ 500ಕ್ಕ ಕೊಡ್ತೀಯೇನು?

ಸಪ್ತಾಪುರ ಶಟರ್
ಮಾರಬ್ಯಾಡ್ರಿ. ಮಾಲು ವಾಪಸ್ ಕೊಡು ಅಂದ್ರ ಏನ್ ಕೊಡ್ತೀರಿ?

ಉಣಕಲ್ ಕೆರಿ (12 ದಿನದ ಮ್ಯಾಲೆ)
ಎಚ್‌ಆರ್ ಮೇಡಂ ನಂಬರ್ ಹುಡಕಿ ಕೊಟ್ರು, ತೂತಿನ ಕಥಿ ಆಫೀಸಿಗೆಲ್ಲಾ ಹಬ್ಬೇತಿ. ಡಿಸ್ಪ್ಯೂಟ್ ತಗೊಂಡಾರ, ದೂರಿನ ನಂಬರ್ ಬಂದೈತಿ. ಕುರಿಯರ್ ಚೀಟ್ಯಾಗ 480 ಗ್ರಾಂ ಅಂತ, ವೆಬ್‌ಸೈಟ್‌ನ್ಯಾಗ 1.4 ಕೆಜಿ ಅಂತಿತ್ತು, ಎರಡೂ ಹಚ್ಚೀನಿ. ರವಿವಾರ ಮಾಗಡಿಗೆ ಹೊಂಟೀನಿ. ಬಾತು ಅಣ್ಣಾ, ಜ್ವಾಳ ಬಿಳೇದ ಬೇಕೋ, ರೇಶನ್ನಿಂದು ನಡೀತೈತೋ?